ಅಮೋನಿಯಾ ಟೇಬಲ್

“ಇದೇ ಸಾಲು, ಮೊಮೊ. ಇದನ್ನ ಬರೆದೋರ ಕೈ ನನಗೆ ಬೇಕು.”

ಶಲೇಶ್ನಿ ಪರದೆಯ ಮೇಲೆ ಬೆರಳಿಟ್ಟಳು. ದಿನದಿನದ ಬ್ಯಾಕಪ್ ನಡೆಸುವ ಆದೇಶಗಳಲ್ಲಿ ಹದಿನೇಳನೆಯ ಸಾಲು ಅದು. ಎಲ್ಲ ಟೇಬಲ್‌ಗಳನ್ನೂ, ಅಂದರೆ ಅಂಕಿಅಂಶದ ಪಟ್ಟಿಗಳನ್ನೂ, ನಕಲು ಮಾಡು, ಅನಿಲದ ಟೇಬಲ್ ಒಂದನ್ನು ಬಿಡು ಎಂದು ಆ ಸಾಲು ಹೇಳುತ್ತಿತ್ತು.

ಎಪೇಲಿ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು. ದ್ವೀಪನಾಡಿನ ಸುವಾ ಬಂದರಿನ ಪಕ್ಕದ ಈ ಮಾತಾಸಾವಾ ಮೀನು ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಮೊಮೊ, ಅಂದರೆ ಸೋದರಮಾವ.

“ಕೈ ತಗೊಂಡು ಏನ್ ಮಾಡ್ತೀಯ ಮಗಳೇ?”

“ಮುರೀತೀನಿ.”

ಹದಿನಾಲ್ಕು ತಿಂಗಳ ಹಿಂದೆ, ಒಂದು ಶುಕ್ರವಾರ, ಇಲ್ಲಿಯ ಎರಡನೇ ಕೋಲ್ಡ್ ರೂಮಿನಲ್ಲಿ ಅಮೋನಿಯಾ ಸೋರಿ ಇಬ್ಬರು ಸತ್ತಿದ್ದರು. ಒಬ್ಬ, ಶೈತ್ಯಯಂತ್ರ ನಡೆಸುತ್ತಿದ್ದ ರೊನೀಲ್ ಗೌಂಡರ್, ಶಲೇಶ್ನಿಯ ಅಣ್ಣ. ಇನ್ನೊಬ್ಬಳು ಪ್ಯಾಕಿಂಗ್ ವಿಭಾಗದ ಲೋಸಾಲಿನಿ, ಎಪೇಲಿಯವರ ತಂಗಿಯ ಮಗಳು. ಕೂಗುತ್ತಿದ್ದ ಅಲಾರಮನ್ನು ರೊನೀಲನೇ ನಿಲ್ಲಿಸಿದ, ತಾನೂ ಸತ್ತ, ಹುಡುಗಿಯನ್ನೂ ಕೊಂದ ಎಂದು ಕಂಪನಿ ವರದಿ ಬರೆಯಿತು. ಆ ವರದಿ ಓದಿದ ದಿನದಿಂದ ಅವಳ ಅಮ್ಮ ಗುಡಿಗೆ ಹೋಗುವುದನ್ನು ಬಿಟ್ಟಿದ್ದಳು. ಜನ ನೋಡುತ್ತಾರೆ ಎಂದು.

ಶಲೇಶ್ನಿ ಗಂಡನ ಮನೆತನದ ಹೆಸರಿನಲ್ಲಿ ಇಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅವಳು ಯಾರೆಂದು ಎಪೇಲಿಯವರೊಬ್ಬರಿಗೇ ಗೊತ್ತು.

ಕೋಲ್ಡ್ ರೂಮಿನ ಗೋಡೆಯಲ್ಲಿದ್ದ ಯಂತ್ರ ಎರಡು ಸೆಕೆಂಡಿಗೊಮ್ಮೆ ಗಾಳಿಯಲ್ಲಿ ಎಷ್ಟು ಅಮೋನಿಯಾ ಇದೆ ಎಂದು ಅಳೆದು ಒಂದು ಟೇಬಲ್ಲಿಗೆ ಬರೆಯುತ್ತಿತ್ತು. ಅಂದು ಏನಾಯಿತು, ಯಾರು ಅಲಾರಂ ನಿಲ್ಲಿಸಿದರು, ಎಲ್ಲ ಅದರಲ್ಲಿತ್ತು. ಆದರೆ ಸೋಮವಾರ ಬೆಳಗ್ಗೆ ಸರ್ವರಿನ ಎರಡೂ ಡಿಸ್ಕ್ ಒಟ್ಟಿಗೆ ಸತ್ತವು. ಮಂಗಳವಾರ ಕಾರ್ಮಿಕ ಇಲಾಖೆಯವರು ಬರುವ ಹೊತ್ತಿಗೆ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತಂದಿದ್ದರು. ಯಾವ ದೋಣಿ ಎಷ್ಟು ಟ್ಯೂನಾ ಇಳಿಸಿತು, ಯಾರು ಯಾವಾಗ ರಜೆ ಹಾಕಿದರು, ಒಂದೂ ತಪ್ಪಿರಲಿಲ್ಲ. ಅನಿಲದ ಟೇಬಲ್ಲೂ ಬಂದಿತ್ತು. ಕಾಲಂಗಳ ಹೆಸರುಗಳಷ್ಟೇ. ಒಳಗೆ ಒಂದೇ ಒಂದು ಅಂಕಿ ಇರಲಿಲ್ಲ.

“ದಿನಾಂಕ ನೋಡು,” ಎಂದರು ಎಪೇಲಿ.

ಸಾಲಿನ ಪಕ್ಕದಲ್ಲಿ ದಿನಾಂಕವಿತ್ತು. ಅವಳು ಎರಡು ಸಲ ಲೆಕ್ಕ ಹಾಕಿದಳು. ಅದು ಸಾವುಗಳಿಗಿಂತ ಹತ್ತು ತಿಂಗಳು ಹಿಂದಿನದು.

“ಅಂದ್ರೆ... ಮುಚ್ಚಿಹಾಕೋಕೆ ಬರೆದಿದ್ದಲ್ಲ?”

“ಅಲ್ಲ. ಬ್ಯಾಕಪ್ ಮುಗಿಯೋಕೆ ಒಂಬತ್ತು ಗಂಟೆ ಹಿಡೀತಿತ್ತು ಕಣಮ್ಮ. ಬೆಳಗ್ಗೆ ಐದಕ್ಕೆ ಲಾರಿ ಬಂದು ನಿಂತ್ರೂ ಕಂಪ್ಯೂಟರ್ ಒದ್ದಾಡ್ತಾನೇ ಇರೋದು. ಮೀನು ಕರಗುತ್ತೆ ಅಂತ ಡ್ರೈವರುಗಳು ನನ್ನ ಅಪ್ಪ ಅಮ್ಮನ್ನೆಲ್ಲ ನೆನೆಸ್ಕೊಳ್ಳೋರು. ನೋಡಿದ್ರೆ ಆ ಅನಿಲದ ಟೇಬಲ್ ಒಂದೇ ಮಿಕ್ಕಿದ್ದೆಲ್ಲ ಸೇರಿಸಿದ್ರೆ ಎಷ್ಟೋ, ಅದರ ನಾಲ್ಕರಷ್ಟಿತ್ತು. ಪೇಟೆ ತಜ್ಞರಿಗೆ ಬರೆದೆ. ಅವರು ಕಾಗದ ಕಳಿಸಿದ್ರು. ಕಾಗದದಲ್ಲಿದ್ದಂಗೆ ಮಾಡಿದೆ.”

“ಆ ಕಾಗದ ಎಲ್ಲಿ?”

ಎಪೇಲಿ ಕಬ್ಬಿಣದ ಬೀರು ತೆಗೆದು ಒಂದು ಫೈಲನ್ನು ಅವಳ ಮುಂದಿಟ್ಟರು. “ಓದು.”

ಮೊದಲ ಸಾಲಿಗೇ ಅವಳಿಗೆ ಆ ಮಾತುಗಳ ಗುರುತು ಹತ್ತಿತು.

ಪೇಟೆಯ ವಿಕ್ಟೋರಿಯಾ ಪರೇಡ್ ರಸ್ತೆಯಲ್ಲಿದ್ದ ಆ ತಜ್ಞರ ಕಚೇರಿ ಅವಳು ಮದುವೆಗೆ ಮುಂಚೆ ಕೆಲಸ ಮಾಡಿದ ಜಾಗ. ಅಲ್ಲಿ ವಾರಕ್ಕೆ ಹತ್ತು ಇಂಥ ಉತ್ತರ ಬರೆಯಬೇಕಿತ್ತು. ಕೇಳಿದ ಕಂಪನಿಯ ಹೆಸರೂ ಕಾಣುತ್ತಿರಲಿಲ್ಲ, ಒಂದು ಸಂಖ್ಯೆ ಮಾತ್ರ. ‘ದೊಡ್ಡ ಟೇಬಲ್ ಒಂದನ್ನು ದೈನಂದಿನ ಬ್ಯಾಕಪ್‌ನಿಂದ ಹೊರಗಿಡಿ. ಅದರ ಚೌಕಟ್ಟನ್ನು ಮಾತ್ರ ಉಳಿಸಿ.’ ಕೆಳಗೆ ಸಹಿ ಇತ್ತು. ಬಾಲ ಉದ್ದ ಎಳೆದ ಗೌಂಡರ್.

“ಏನಾಯ್ತು ಮಗಳೇ, ಬೆವರ್ತಿದೀಯ? ಏಸಿ ಹದಿನೆಂಟರಲ್ಲಿದೆ.”

“ಇದು ನನ್ನ ಕಾಗದ, ಮೊಮೊ.”

“ಗೊತ್ತು.”

“ಯಾವಾಗಿಂದ?”

“ನೀನು ಕೆಲಸಕ್ಕೆ ಸೇರಿದ ದಿನದಿಂದ. ಹೆಸರು ಬದಲಾಯಿಸ್ದೆ, ಸಹೀ ಬಾಲ ಬದಲಾಯಿಸ್ಲಿಲ್ಲ.”

ಅವಳು ತನ್ನ ಬಲಗೈಯನ್ನೇ ನೋಡಿಕೊಂಡು ಕುಳಿತಳು. ಅಣ್ಣನ ಚಿತೆಯ ಮುಂದೆ, ಇದನ್ನು ಮಾಡಿದವರನ್ನು ಬಿಡುವುದಿಲ್ಲ ಎಂದು ಆಣೆ ಮಾಡಿದ ಕೈ ಅದು.

“ಮತ್ತೆ ಯಾಕೆ ಸುಮ್ನಿದ್ರಿ? ನನ್ನ ಮೇಲೆ ಕೋಪ ಬರ್ಲಿಲ್ವಾ?”

ಎಪೇಲಿ ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸಿದರು. “ಕಾಗದದಲ್ಲಿ ಎರಡು ಮಾತಿದೆ. ಎರಡನೇದನ್ನೂ ಓದು.”

ಎರಡನೆಯದರ ಕೆಳಗೆ ಅವಳೇ ಗೆರೆ ಎಳೆದಿದ್ದಳು. ‘ಹೊರಗಿಟ್ಟ ಟೇಬಲನ್ನು ಪ್ರತಿ ಭಾನುವಾರ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಕಟ್ಟಡದ ಹೊರಗೆ ಇಡಿ. ಇದನ್ನು ಮಾಡದಿದ್ದರೆ ಮೇಲಿನದನ್ನೂ ಮಾಡಬೇಡಿ.’

“ಮಾಡಿದ್ರಾ?”

“ಮೂರು ಭಾನುವಾರ ಮಾಡ್ದೆ. ಆಮೇಲೆ ಕ್ಲೈವ್ ಬೇಡ ಅಂದ. ಭಾನುವಾರ ಯಾಕೆ ಫ್ಯಾಕ್ಟರಿ ಬಾಗಿಲು ತೆಗೀಬೇಕು, ಹೋಗಿ ಚರ್ಚಿನಲ್ಲಿ ಹಾಡು ಅಂತ.”

ಕ್ಲೈವ್ ಹಾರ್ಟ್ನೆಲ್ ಆಕ್ಲೆಂಡಿನಿಂದ ಬಂದು ಹನ್ನೊಂದು ವರ್ಷದಿಂದ ಇಲ್ಲಿ ಮ್ಯಾನೇಜರ್ ಆಗಿದ್ದವನು. ರೊನೀಲನ ಮೇಲಿನ ವರದಿಗೆ ಸಹಿ ಹಾಕಿದವನೂ ಅವನೇ.

ಶಲೇಶ್ನಿ ಕಾಗದವನ್ನು ತಿರುಗಿಸಿದಳು. ಹಿಂಬದಿಯಲ್ಲಿ, ಓದಿದ್ದೇವೆ ಎಂಬುದಕ್ಕೆ ಎರಡೇ ಸಹಿ. ಎಪೇಲಿ. ಕ್ಲೈವ್.

ಆಗ ಅವಳ ತಲೆ ಮೊದಲ ಬಾರಿ ಸರಿಯಾಗಿ ಕೆಲಸ ಮಾಡಿತು. ಹದಿನಾಲ್ಕು ತಿಂಗಳು ಅವಳು ಹುಡುಕಿದ್ದು ಟೇಬಲನ್ನು ಬ್ಯಾಕಪ್‌ನಿಂದ ಬಿಟ್ಟವರನ್ನು. ಹುಡುಕಬೇಕಾಗಿದ್ದು ಅದು ಬಿಟ್ಟುಹೋಗಿದೆ ಎಂದು ತಿಳಿದಿದ್ದವರನ್ನು. ಸರ್ವರ್ ಸತ್ತರೆ ಅದೊಂದೇ ಹೋಗುತ್ತದೆ, ಮಿಕ್ಕಿದ್ದೆಲ್ಲ ಮರುದಿನವೇ ಎದ್ದು ಕೂರುತ್ತದೆ ಎಂದು ತಿಳಿದವನೇ ಸರ್ವರನ್ನು ಕೊಲ್ಲಬಲ್ಲ.

“ಆ ಸೋಮವಾರ ಬೆಳಗ್ಗೆ ನೀವೆಲ್ಲಿದ್ರಿ ಮೊಮೊ?”

“ತೈಲೇವೂ ಕಡೆ ನಮ್ಮೂರಲ್ಲಿ. ಹುಡುಗಿಗೆ ಮಣ್ಣು ಹಾಕ್ತಾ ಇದ್ದೆ. ನೂರು ಜನ ನೋಡಿದ್ದಾರೆ.”

ಹಾಗಾದರೆ ಉಳಿದವನು ಒಬ್ಬನೇ.

ಅವಳು ಎದ್ದಳು. ಎಪೇಲಿ ಎಲ್ಲಿಗೆ ಎಂದು ಕೇಳಲಿಲ್ಲ.

*

ಹನ್ನೆರಡೂವರೆಗೆ ಪ್ಯಾಕಿಂಗ್ ಹೆಂಗಸರೆಲ್ಲ ಊಟಕ್ಕೆ ಹೋದರು. ಶುಕ್ರವಾರವಾದ್ದರಿಂದ ಕ್ಯಾಂಟೀನಿನಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಮರಗೆಣಸು. ಅವರ ನಗು ಅಂಗಳ ದಾಟಿ ಕೇಳಿಸುತ್ತಿತ್ತು. ಕೋಲ್ಡ್ ರೂಮುಗಳ ಓಣಿ ಖಾಲಿ.

“ಸರ್, ಎರಡನೇ ರೂಮಿನಲ್ಲಿ ಒಳಗಿನ ಸಾಲಿನ ಮೀನು ಕರಗ್ತಿರೋ ಹಂಗಿದೆ. ಒಂದ್ಸಲ ನೋಡ್ತೀರಾ?”

ಕ್ಲೈವ್ ಗೊಣಗಿಕೊಂಡೇ ಬಂದ. ಅರ್ಧ ತೋಳಿನ ಅಂಗಿ, ಅಂಗಳದ ಸೆಕೆಗೆ ಬೆನ್ನೆಲ್ಲ ಒದ್ದೆ. “ನಿನಗೆ ಕಂಪ್ಯೂಟರ್ ನೋಡು ಅಂದ್ರೆ ಮೀನು ನೋಡ್ತಾ ನಿಂತಿದೀಯಾ?” ಎನ್ನುತ್ತ ಒಳಗೆ ಹೋದ.

ಅವಳು ಬಾಗಿಲು ಎಳೆದು, ಹೊರಗಿನ ಅಗುಳಿಗೆ ಕಬ್ಬಿಣದ ಕೀಲು ತೂರಿಸಿದಳು.

ಆರು ಹೆಜ್ಜೆ ಒಳಗೆ ಹೋಗಿದ್ದ ಕ್ಲೈವ್ ತಿರುಗಿ ನೋಡಿದ. ನಕ್ಕ. ಬಂದು ಒಳಗಿನ ಗುಂಡಿ ಒತ್ತಿದ. ಬಾಗಿಲು ಅಲುಗಲಿಲ್ಲ. ಮತ್ತೆ ಒತ್ತಿದ. ನಗು ಹೋಯಿತು.

ಬಾಗಿಲಿನಲ್ಲಿ ಅಂಗೈ ಅಗಲದ ಗಾಜು ಇತ್ತು, ಪಕ್ಕದಲ್ಲಿ ಒಳಗಿನವರೊಡನೆ ಮಾತಾಡುವ ಪೆಟ್ಟಿಗೆ. ಅದರ ಮೇಲೆ ಒಳಗಿನ ಅಮೋನಿಯಾ ತೋರಿಸುವ ಹಸಿರು ಅಂಕಿ. ಸೊನ್ನೆ.

“ಹುಚ್ಚು ಹಿಡಿದಿದೆಯೇನೇ? ತೆಗಿ!”

“ನಾನು ರೊನೀಲ್ ಗೌಂಡರನ ತಂಗಿ.”

ಒಳಗೆ ಕ್ಲೈವನ ಉಸಿರು ಬೆಳ್ಳಗೆ ಗಾಜಿಗೆ ಬಡಿದು ಹೆಪ್ಪುಗಟ್ಟಿತು. ಅವನು ಅದನ್ನು ಅಂಗೈಯಿಂದ ಉಜ್ಜಿ ಅವಳ ಮುಖ ನೋಡಿದ.

“ಮೈನಸ್ ಇಪ್ಪತ್ತೆರಡಿದೆ ಒಳಗೆ,” ಎಂದಳು ಅವಳು. ತನ್ನ ದನಿ ಇಷ್ಟು ಶಾಂತವಾಗಿರಬಲ್ಲದು ಎಂದು ಅವಳಿಗೇ ಗೊತ್ತಿರಲಿಲ್ಲ. “ಈ ಅಂಗಿಯಲ್ಲಿ ಹದಿನೈದು ನಿಮಿಷ ತಡೀತೀಯ ಅಂದ್ಕೋ. ಸರ್ವರ್ ಕೊಂದಿದ್ದು ಹೇಗೆ, ಅದರಿಂದ ಶುರು ಮಾಡು. ನನ್ನ ಫೋನು ಕೇಳಿಸ್ಕೊಳ್ತಿದೆ.”

“ನಿನ್ನನ್ನ ಜೈಲಿಗೆ—”

“ಹದಿನಾಲ್ಕು ನಿಮಿಷ.”

ಅವನು ಬೈದ. ಬಾಗಿಲು ಒದ್ದ. ಹೆಂಡತಿ ಮಕ್ಕಳ ಮಾತೆತ್ತಿದ. ಅವಳು ಕೈಕಟ್ಟಿ ನಿಂತು ನೋಡಿದಳು. ಈ ಮುಖ ಹೀಗೆ ನಡುಗುವುದನ್ನು ನೋಡಲು ಅವಳು ಹದಿನಾಲ್ಕು ತಿಂಗಳು ಕಾದಿದ್ದಳು. ನೋಡುತ್ತಿದ್ದಂತೆ ಎದೆಯೊಳಗೆ ಏನೋ ಸಿಹಿಯಾಗಿ ಹರಿಯಿತು. ಅದು ಅವಳಿಗೆ ನಾಚಿಕೆ ತರಲಿಲ್ಲ.

ಆರನೇ ನಿಮಿಷಕ್ಕೆ ಅವನು ಮುರಿದ.

“ಚಾಲೂ ಇದ್ದಾಗಲೇ ಡಿಸ್ಕ್ ಎರಡೂ ಕಿತ್ತೆ. ನೆಲಕ್ಕೆ ಬಡಿದು ವಾಪಸ್ ಹಾಕಿದೆ. ಸಾಕಾ? ತೆಗಿ ಈಗ!”

“ಯಾಕೆ?”

“ಹಡಗು ಕಾಯ್ತಾ ಇತ್ತು... ಎರಡು ಹತ್ತಕ್ಕೆ ಅಲಾರಂ ಶುರುವಾಯ್ತು. ತಿಂಗಳಿಗೆ ಮೂರು ಸಲ ಸುಮ್ಸುಮ್ನೆ ಕೂಗ್ತಿತ್ತು ಅದು. ಅಲಾರಂ ಆದ್ರೆ ನಿಯಮದ ಪ್ರಕಾರ ಎಲ್ಲ ಕೆಲಸ ನಿಲ್ಲಿಸ್ಬೇಕು. ನಾನು ಫೋನ್ ಮಾಡಿ, ಅದರ ಬಾಯಿ ಮುಚ್ಚಿಸು ಅಂದೆ.”

“ರೊನೀಲ್‌ಗಾ?”

ಕ್ಲೈವ್ ಹೌದೆಂದು ತಲೆಯಾಡಿಸಿದ. ಅವನ ಹುಬ್ಬಿನ ಮೇಲೆ ಮಂಜು ಕೂತಿತ್ತು. “ನಿನ್ನಣ್ಣ ಆಗಲ್ಲ ಅಂದ. ‘ಒಳಗೆ ಹುಡುಗಿ ಇದ್ದಾಳೆ, ನಾನು ಹೋಗ್ತಿದೀನಿ’ ಅಂತ ಫೋನ್ ಕುಕ್ಕಿದ.”

ಶಲೇಶ್ನಿ ಪೆಟ್ಟಿಗೆಗೆ ಕಿವಿ ಹಚ್ಚಿದಳು. ಆ ಮಾತನ್ನು ಅಣ್ಣನ ದನಿಯಲ್ಲೇ ಕೇಳಿದಂತಾಯಿತು. ಹೋಗ್ತಿದೀನಿ. ಅಮ್ಮನಿಗೆ ಇಷ್ಟು ಹೇಳಿದರೆ ಸಾಕು, ನಾಳೆಯೇ ತಲೆಯೆತ್ತಿ ಗುಡಿಗೆ ಹೋಗುತ್ತಾಳೆ.

“ಮತ್ತೆ ಅವನೇ ನಿಲ್ಲಿಸಿದ ಅಂತ ಬರೆದ್ಯಲ್ಲೋ!”

“ಸತ್ತೋನಿಗೆ ಏನು ನಷ್ಟ ಅಂದ್ಕೊಂಡೆ... ನೋಡು, ಸಾಕು. ನೀನು ಬೇಕಾದಷ್ಟು ಹಿಂಸೆ ಕೊಟ್ಟಿದೀಯ. ಪ್ರತಿ ಶುಕ್ರವಾರ ಅದನ್ನ ಕಳಿಸೋದಾದ್ರೂ ನಿಲ್ಲಿಸು. ನನಗೆ ನಿದ್ದೆ ಇಲ್ಲ.”

“ಏನನ್ನ ಕಳಿಸೋದು?”

ಅವನು ಮರಗಟ್ಟಿದ ಬೆರಳುಗಳಿಂದ ಜೇಬು ತಡಕಿ, ಮಡಿಸಿದ ಒಂದು ಹಾಳೆಯನ್ನು ಬಿಡಿಸಿ ಗಾಜಿಗೆ ಒತ್ತಿ ಹಿಡಿದ.

ದಿನಾಂಕ, ಗಂಟೆ, ರೂಮಿನ ಸಂಖ್ಯೆ, ಚಳಿ, ಅಮೋನಿಯಾ. ಎರಡೆರಡು ಸೆಕೆಂಡಿಗೆ ಒಂದು ಸಾಲು. ಆ ಶುಕ್ರವಾರದ್ದೇ. ಎರಡು ಗಂಟೆ ಹನ್ನೊಂದು ನಿಮಿಷಕ್ಕೆ ನಲವತ್ತು, ಹನ್ನೆರಡಕ್ಕೆ ತೊಂಬತ್ತು, ಹದಿನಾಲ್ಕಕ್ಕೆ ಮುನ್ನೂರು.

ಯಾವ ಬ್ಯಾಕಪ್‌ನಲ್ಲೂ ಇಲ್ಲದ ಟೇಬಲ್. ಜಗತ್ತಿನಲ್ಲೇ ಇಲ್ಲ ಎಂದುಕೊಂಡಿದ್ದ ಅಂಕಿಗಳು.

“ನಾನು ಕಳಿಸಿಲ್ಲ,” ಎಂದಳು ಶಲೇಶ್ನಿ. ಆಮೇಲೆ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಹಾಳೆಯಲ್ಲಿ ಐದು ಕಾಲಂ ಇದ್ದವು. ಖಾಲಿ ಟೇಬಲ್ಲಿನ ಚೌಕಟ್ಟನ್ನು ಅವಳು ನಾಲ್ಕು ತಿಂಗಳಿಂದ ಬಾಯಿಪಾಠ ಮಾಡಿದ್ದಳು. ಅದರಲ್ಲಿ ಆರು. ಆರನೆಯದು, ಅಲಾರಂ ನಿಲ್ಲಿಸಿದವರ ಸಿಬ್ಬಂದಿ ಸಂಖ್ಯೆ. ಹಾಳೆಯ ಬಲ ಅಂಚನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು.

“ರೊನೀಲ್ ಒಪ್ಪದಿದ್ದ ಮೇಲೆ ಯಾರಿಗೆ ಫೋನ್ ಮಾಡ್ದೆ? ಯಾರು ನಿಲ್ಲಿಸಿದ್ದು?”

ಕ್ಲೈವ್ ಬಾಯಿ ತೆರೆದ. ಮಾತು ಬರಲಿಲ್ಲ, ಕೆಮ್ಮು ಬಂತು. ಅವನು ಮೂಗು ಮುಚ್ಚಿಕೊಂಡು ಹಿಂದಕ್ಕೆ ತಿರುಗಿ ನೋಡಿದ.

ಪೆಟ್ಟಿಗೆಯ ಮೇಲಿನ ಹಸಿರು ಅಂಕಿ ಸೊನ್ನೆ ಬಿಟ್ಟಿತ್ತು. ನಾಲ್ಕು. ಒಂಬತ್ತು. ಇಪ್ಪತ್ತೆರಡು.

ಅಲಾರಂ ಕೂಗಲಿಲ್ಲ.

“ಕೀಲಿಗೆ ಕೈ ಹಾಕ್ಬೇಡ, ಮಗಳೇ.”

ಓಣಿಯ ತುದಿಯಲ್ಲಿ, ಟ್ಯೂನಾ ಮುಳುಗಿಸುವ ದೊಡ್ಡ ಉಪ್ಪುನೀರಿನ ತೊಟ್ಟಿಯ ಪಕ್ಕ ಎಪೇಲಿ ನಿಂತಿದ್ದರು. ಕೊರಳಲ್ಲಿ ಅನಿಲದ ಮುಖವಾಡ ತೂಗುತ್ತಿತ್ತು. ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟಗಲದ ಕಪ್ಪು ಡಿಸ್ಕ್.

“ಮೊಮೊ, ಒಳಗೆ ಅನಿಲ...”

“ಗೊತ್ತು. ವಾಲ್ವ್ ತಿರುಗಿಸಿ, ಅಲಾರಂ ನಿಲ್ಲಿಸೇ ಬಂದೆ.” ಅವರು ಡಿಸ್ಕನ್ನು ಎತ್ತಿ ತೋರಿಸಿದರು. “ನೀನು ಬರೆದಿದ್ದ ಎರಡನೇ ಮಾತನ್ನ ನಾನು ಬಿಡ್ಲಿಲ್ಲ ಕಣಮ್ಮ. ಕ್ಲೈವ್ ಬೇಡ ಅಂದ್ರೂ ಪ್ರತಿ ಭಾನುವಾರ ಚರ್ಚ್ ಮುಗಿಸಿ ಬಂದು ನಕಲು ಮಾಡ್ಕೊಂಡು ಹೋಗ್ತಿದ್ದೆ. ಹುಡುಗಿ ಸತ್ತ ಮೇಲಿನ ಭಾನುವಾರಾನೂ ಬಂದೆ, ಸರ್ವರ್ ಸಾಯೋ ಹಿಂದಿನ ದಿನ. ಅವತ್ತು ಚರ್ಚಿಗೆ ಹೋಗ್ಲಿಲ್ಲ.”

“ಹದಿನಾಲ್ಕು ತಿಂಗಳಿಂದ ನಿಮ್ಮ ಹತ್ರಾನೇ ಇತ್ತಾ? ನನ್ನಮ್ಮ ಬೀದೀಲಿ ತಲೆ ತಗ್ಗಿಸಿ ಓಡಾಡ್ತಿದ್ದಾಗ, ನಿಮ್ಮ ಹತ್ರ ಇತ್ತಾ?”

ಎಪೇಲಿ ಡಿಸ್ಕನ್ನು ಎದೆಗೆ ಒತ್ತಿಕೊಂಡರು.

“ಆರನೇ ಕಾಲಂ ಯಾಕೆ ಕತ್ತರಿಸಿದ್ರಿ?”

ಹಸಿರು ಅಂಕಿ ಎಂಬತ್ತಾಯಿತು. ಒಳಗೆ ಕ್ಲೈವ್ ಎರಡೂ ಮುಷ್ಟಿಯಿಂದ ಬಾಗಿಲು ಬಡಿಯುತ್ತಿದ್ದ.

“ಕ್ಲೈವ್ ಫೋನ್ ಮಾಡ್ದ,” ಎಂದರು ಅವರು. “ಸುಳ್ಳು ಅಲಾರಂ, ನಿಲ್ಲಿಸಿ ಮೊಮೊ ಅಂದ. ಕುರ್ಚಿ ಬಿಟ್ಟು ಏಳ್ಲಿಲ್ಲ ನಾನು. ಕುಂತಲ್ಲೇ ನನ್ನ ನಂಬರ್ ಒತ್ತಿದೆ. ಅಲ್ಲಿ ನನ್ನ ಹುಡುಗಿ ಇದ್ದಾಳೆ ಅಂತ ಗೊತ್ತಿರ್ಲಿಲ್ಲ. ಕಣ್ಣು ಕಾಣದೆ, ಗುಂಡಿ ಸಿಗದೆ, ಇದೇ ಗಾಜು ಬಡಿದಿದ್ದಾಳೆ ಅವಳು. ಅಲಾರಂ ಕೂಗಿದ್ರೆ ಜನ ಓಡಿ ಬರ್ತಿದ್ರು. ನಿನ್ನಣ್ಣ ಒಬ್ಬನೇ ಬಂದ.”

“ಮೊಮೊ...”

“ಕೇಳು. ಈ ಡಿಸ್ಕ್ ತಗೋ. ನನ್ನ ನಂಬರೂ ಇದೆ ಇದರಲ್ಲಿ, ಏನೂ ಕತ್ತರಿಸಿಲ್ಲ. ನಿನ್ನಣ್ಣನ ಹೆಸರು ತೊಳ್ಕೋ. ನನ್ನನ್ನ ಪೊಲೀಸರಿಗೆ ಕೊಡು, ಈ ಬಾಗಿಲು ಹಾಕಿದ್ದೂ ನಾನೇ ಅಂತೀನಿ. ನಾನು ಕೇಳೋದು ಐದು ನಿಮಿಷ. ಐದೇ ನಿಮಿಷ ಆ ಕೀಲು ಅಲ್ಲೇ ಇರ್ಲಿ.”

“ತೆಗೆದ್ರೆ?”

ಅವರು ಡಿಸ್ಕ್ ಹಿಡಿದ ಕೈಯನ್ನು ತೊಟ್ಟಿಯ ಮೇಲಕ್ಕೆ ಚಾಚಿದರು. “ಇದು ಹೋಗುತ್ತೆ. ಇನ್ನೊಂದು ನಕಲು ಇಲ್ಲ.”

ನೂರಿಪ್ಪತ್ತು. ನೂರೈವತ್ತು.

ಅವಳಿಗೆ ಬೇಕಾದದ್ದೆಲ್ಲ ಹತ್ತು ಹೆಜ್ಜೆಯ ಒಳಗಿತ್ತು. ಅಣ್ಣನ ನಿರಪರಾಧಿತ್ವ ಆ ಕೈಯಲ್ಲಿ, ಅಣ್ಣನನ್ನು ಕೊಂದವನು ಈ ಬಾಗಿಲ ಹಿಂದೆ. ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಫೋನಿನಲ್ಲಿದ್ದದ್ದು ಬಾಗಿಲು ಹಾಕಿ ಬಾಯಿ ಬಿಡಿಸಿದ ಮಾತು, ಯಾವ ನ್ಯಾಯಾಧೀಶನೂ ಅದನ್ನು ನಂಬುವುದಿಲ್ಲ. ಡಿಸ್ಕ್ ಒಂದೇ ಸಾಕ್ಷಿ.

ಗಾಜಿನ ಮೇಲೆ ಕ್ಲೈವನ ಅಂಗೈ ಕೆಳಕ್ಕೆ ಜಾರತೊಡಗಿತು.

ಅದನ್ನು ನೋಡುವ ಆಸೆ ಅವಳಿಗೆ ನಿಜವಾಗಿಯೂ ಇತ್ತು. ಆದರೆ ಅಣ್ಣನೂ ಇದೇ ಜಾಗದಲ್ಲಿ, ಇದೇ ಅಗುಳಿಯ ಮುಂದೆ ಒಂದು ಕ್ಷಣ ನಿಂತಿರಬೇಕು. ಅಂಕಿ ಮುನ್ನೂರಿದ್ದಾಗ.

“ಹೋಗ್ತಿದೀನಿ,” ಎಂದಳು ಶಲೇಶ್ನಿ, ಯಾರಿಗೆಂದು ಗೊತ್ತಿಲ್ಲದೆ.

ಗೋಡೆಗೆ ತೂಗುಹಾಕಿದ್ದ ಅನಿಲದ ಮುಖವಾಡ ಕಿತ್ತು ಮುಖಕ್ಕೆ ಎಳೆದುಕೊಂಡಳು. ಕೀಲು ಎಳೆದು ಎಸೆದಳು. ಬಾಗಿಲು ತೆರೆದೊಡನೆ ಬಿಳಿಯ ಹಬೆ ಅವಳನ್ನು ಮುಚ್ಚಿತು. ಮುಖವಾಡದ ಅಂಚಿನಿಂದ ನುಗ್ಗಿದ ಉರಿಗೆ ಕಣ್ಣು ಕತ್ತಲಿಟ್ಟಿತು. ಕೈಗೆ ಮೊದಲು ಸಿಕ್ಕಿದ್ದು ಕಾಲರ್. ಎಳೆದಳು. ಹೆಣದಷ್ಟು ಭಾರ. ಹೊಸ್ತಿಲಿನಲ್ಲಿ ಬಿದ್ದಳು, ಎದ್ದು ಮತ್ತೆ ಎಳೆದಳು. ಓಣಿಯ ಗಾಳಿಯಂತ್ರದ ಕೆಳಗೆ ಕ್ಲೈವನನ್ನು ಉರುಳಿಸಿ, ಓಡಿಹೋಗಿ ಬಾಗಿಲು ಮುಚ್ಚಿದಳು.

ಅವನು ಕೆಮ್ಮಿದ. ಬದುಕಿದ್ದ.

ಆಗಲೇ ಅವಳ ಬೆನ್ನ ಹಿಂದೆ ನೀರಿಗೆ ಏನೋ ಬಿದ್ದ ಸದ್ದಾಯಿತು.

ಅವಳು ಕಣ್ಣು ಮುಚ್ಚಿಕೊಂಡಳು. ಹೋಯಿತು. ಆ ಶುಕ್ರವಾರದ ಅಂಕಿಗಳು, ಅಣ್ಣನ ಹೆಸರು, ಅಮ್ಮನ ಗುಡಿಯ ದಾರಿ, ಎಲ್ಲ ಹೋಯಿತು.

ಮುಖವಾಡ ಕಿತ್ತೆಸೆದು, ಎಪೇಲಿಯವರಿಗೆ ಬಾಯಿಗೆ ಬಂದಂತೆ ಬೈಯಬೇಕೆಂದು ತಿರುಗಿದಳು.

ಓಣಿಯ ತುದಿಯಲ್ಲಿ ಯಾರೂ ಇರಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಕನ್ನಡಕ ಮಡಿಸಿಟ್ಟಿತ್ತು. ಅದರ ಪಕ್ಕದಲ್ಲಿ, ಒಂದು ಹನಿಯೂ ತಾಗದೆ, ಕಪ್ಪು ಡಿಸ್ಕ್.

ಉಪ್ಪುನೀರು ಮಾತ್ರ ಇನ್ನೂ ಅಂಚಿನಿಂದ ಅಂಚಿಗೆ ತುಳುಕುತ್ತಿತ್ತು.